ನಾಡಿಯ ಎಣಿಕೆ, ಎದೆಯ ಸದ್ದು

ಹಿರೇಹಡಗಲಿಯ ಹೆಸರು ಶಾಸನಗಳನ್ನು ಅಭ್ಯಾಸಮಾಡುವವರಿಗೆ ಹೊಸದಲ್ಲ. ಪಲ್ಲವ ಶಿವಸ್ಕಂದವರ್ಮನು ಕಾಂಚಿಯಿಂದ ಹೊರಡಿಸಿದ ಪ್ರಾಕೃತ ತಾಮ್ರಶಾಸನವು ದೊರೆತುದು ಈ ಊರಿನಲ್ಲಿ. ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಮಂತ್ರಿಯಾದ ದೇಮರಸನು 1057ರಲ್ಲಿ ಕಟ್ಟಿಸಿದ ಕಲ್ಲೇಶ್ವರ ದೇವಾಲಯವು ನಿಂತಿರುವುದೂ ಇಲ್ಲಿಯೇ. ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳನ್ನೊಳಗೊಂಡ ಈ ಸೀಮೆಯು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಇಲ್ಲಿಯ ಚಾಲುಕ್ಯರ ಕಾಲದ ಶಾಸನಗಳನ್ನು ಓದುವವರು ಒಂದು ಅಂಶವನ್ನು ಗಮನಿಸದೆ ಇರಲಾರರು. ದಾನಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವಷ್ಟೇ ಎಚ್ಚರಿಕೆಯಿಂದ ದಾನದ ಹೊತ್ತನ್ನೂ ಹೇಳುವುದು ಆ ಬರೆಹಗಾರರ ಪದ್ಧತಿ: ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಅದರ ಮೇಲೆ ಸಂಕ್ರಾಂತಿಯೋ ಗ್ರಹಣವೋ ವ್ಯತೀಪಾತವೋ. ಕಾಲವನ್ನು ಇಷ್ಟು ಸೂಕ್ಷ್ಮವಾಗಿ ವಿಭಾಗಿಸಿಕೊಂಡಿದ್ದ ಜನರು ರೋಗಿಯ ಮಣಿಕಟ್ಟನ್ನು ಹಿಡಿದಾಗ ಅಲ್ಲಿ ಏನನ್ನು ಅಳೆದರು, ಏನನ್ನು ಅಳೆಯದೆ ಬಿಟ್ಟರು ಎಂಬುದೇ ಈ ಲೇಖನದ ವಿಷಯ.

ಈ ವಿಚಾರವು ವೈದ್ಯರಿಗೆ ಮಾತ್ರ ಸೇರಿದುದೆಂದು ಸಾಹಿತ್ಯದ ಅಧ್ಯಾಪಕರು ಪುಟವನ್ನು ತಿರುವಿಬಿಡಬಾರದು. ಇದರಲ್ಲಿ ವೈದ್ಯಕ್ಕೆ ಎಷ್ಟು ಪಾಲುಂಟೋ ಭಾಷೆಗೂ ಅಷ್ಟೇ ಪಾಲುಂಟು. ನಮ್ಮ ಪಾಠಪುಸ್ತಕಗಳಲ್ಲಿಯೂ ಆಸ್ಪತ್ರೆಯ ಕಾಗದಗಳಲ್ಲಿಯೂ ‘ನಾಡಿಯ ಬಡಿತ’, ‘ಹೃದಯದ ಬಡಿತ’, ‘ಮಿಡಿತ’ ಎಂಬ ಮಾತುಗಳನ್ನು ಒಂದಕ್ಕೊಂದು ಬದಲಾಗಿ ಬಳಸುವ ರೂಢಿ ಬೆಳೆದಿದೆ. ಇವು ಒಂದೇ ವಸ್ತುವಿನ ಹೆಸರುಗಳಲ್ಲ. ಒಂದನ್ನು ಬೆರಳು ತಿಳಿಯುತ್ತದೆ, ಇನ್ನೊಂದನ್ನು ಕಿವಿ ತಿಳಿಯುತ್ತದೆ. ಕೆಲವು ರೋಗಗಳಲ್ಲಿ ಇವೆರಡರ ಸಾಕ್ಷ್ಯವು ಒಂದಕ್ಕೊಂದು ವಿರುದ್ಧವಾಗಿರುತ್ತದೆ.

ಮೊದಲು ‘ನಾಡಿ’ ಎಂಬ ಶಬ್ದವನ್ನೇ ನೋಡೋಣ. ನಾಡಿ, ನಾಳ, ನಾಳಿಕೆ, ನಳಿಗೆ ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಟೊಳ್ಳಾದ ಕೊಳವೆಯೆಂಬುದು ಇವುಗಳ ಮೂಲಾರ್ಥ. ದೇಹದಲ್ಲಿ ರಕ್ತವೋ ವಾಯುವೋ ಹರಿಯುವ ಕೊಳವೆಯು ನಾಡಿಯಾಯಿತು. ಅದೇ ಶಬ್ದವು ಕಾಲದ ಒಂದು ಪ್ರಮಾಣಕ್ಕೂ ಹೆಸರಾಯಿತು. ಅದಕ್ಕೆ ಕಾರಣವೂ ಕೊಳವೆಯೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಾಲಮಾನವನ್ನು ಹೇಳುವೆಡೆ ನಾಲ್ಕು ಮಾಷದ ಚಿನ್ನದಿಂದ ನಾಲ್ಕು ಅಂಗುಲ ಉದ್ದವಾಗಿ ಮಾಡಿದ ಕೊಳವೆಯ ಗಾತ್ರದಷ್ಟು ರಂಧ್ರವಿರುವ ಕುಂಭದಿಂದ ಒಂದು ಆಢಕ ನೀರು ಹರಿದುಹೋಗುವ ಹೊತ್ತು ಒಂದು ನಾಳಿಕೆಯೆಂದು ವಿಧಿಸಿದೆ. ತಮಿಳರು ಈ ಹೊತ್ತಿಗೆ ಇಂದಿಗೂ ನಾಳಿಗೈ ಎನ್ನುವರು. ನಮ್ಮಲ್ಲಿ ಅದೇ ಪ್ರಮಾಣಕ್ಕೆ ‘ಘಟಿಕಾ’ ಶಬ್ದದಿಂದ ಬಂದ ಗಳಿಗೆಯೆಂಬ ಹೆಸರು ನಿಂತಿತು. ಕೊಳವೆಯ ಕುಂಭವು ಹೋಗಿ, ತಳದಲ್ಲಿ ತೂತುಳ್ಳ ಲೋಹದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು ಅದು ಮುಳುಗುವ ಹೊತ್ತನ್ನು ಎಣಿಸುವ ಕ್ರಮವು ಬಂದುದೇ ಇದಕ್ಕೆ ಕಾರಣ. ಮದುವೆಯ ಮುಹೂರ್ತಕ್ಕೆ ಗಳಿಗೆಬಟ್ಟಲನ್ನು ಇಡುತ್ತಿದ್ದುದನ್ನು ಹಿರಿಯರ ಬಾಯಿಂದ ಕೇಳಿದವರು ಈಗಲೂ ಇದ್ದಾರೆ.

ಹೀಗೆ ದೇಹದ ಕೊಳವೆಯೂ ಕಾಲದ ಕೊಳವೆಯೂ ಒಂದೇ ಹೆಸರನ್ನು ಹೊತ್ತು ಸಾವಿರಾರು ವರ್ಷ ಬದುಕಿದುವು. ಆದರೂ ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಎಣಿಸುವ ಪದ್ಧತಿಯು ನಮ್ಮ ವೈದ್ಯಗ್ರಂಥಗಳಲ್ಲಿ ನೆಲೆಗೊಳ್ಳಲಿಲ್ಲ. ಸಾಧನಗಳು ಇಲ್ಲದಿದ್ದುದರಿಂದ ಹೀಗಾಯಿತೆಂದು ಹೇಳುವಂತಿಲ್ಲ. ಸೂರ್ಯಸಿದ್ಧಾಂತವೇ ಮೊದಲಾದ ಜ್ಯೋತಿಷಗ್ರಂಥಗಳ ಲೆಕ್ಕದಲ್ಲಿ ಅಹೋರಾತ್ರಕ್ಕೆ 60 ನಾಡಿ, ನಾಡಿಗೆ 60 ವಿನಾಡಿ, ವಿನಾಡಿಗೆ 6 ಪ್ರಾಣ. ಇಂದಿನ ಗಡಿಯಾರದಂತೆ ನಾಡಿಯು 24 ಮಿನಿಟು, ವಿನಾಡಿಯು 24 ಸೆಕೆಂಡು, ಪ್ರಾಣವು 4 ಸೆಕೆಂಡು ಆಗುವುದು. 24 ಸೆಕೆಂಡಿನ ಪ್ರಮಾಣವೊಂದು ಕೈಯಲ್ಲಿದ್ದವನಿಗೆ ಮಿಡಿತವನ್ನು ಎಣಿಸಲು ಅಡ್ಡಿಯೇನೂ ಇರಲಿಲ್ಲ.

ಇಲ್ಲಿ ‘ಪ್ರಾಣ’ವೆಂದರೆ ಒಂದು ಉಸಿರು. ಸ್ವಸ್ಥನಾದ ಮನುಷ್ಯನು ಒಮ್ಮೆ ಉಸಿರನ್ನು ಒಳಗೆ ಎಳೆದು ಹೊರಗೆ ಬಿಡುವ ಹೊತ್ತು ಅದು. ಅಹೋರಾತ್ರಕ್ಕೆ 21,600 ಪ್ರಾಣಗಳೆಂಬ ಲೆಕ್ಕವು ಇದರಿಂದ ಬರುತ್ತದೆ. ಯೋಗಶಾಸ್ತ್ರದವರು ಅಜಪಾಜಪದ ಸಂಖ್ಯೆಯೆಂದು ಹೇಳುವುದೂ ಇದನ್ನೇ. ಮಿನಿಟಿಗೆ 15 ಉಸಿರಾಯಿತು. ವಿಶ್ರಾಂತಿಯಲ್ಲಿರುವ ಪ್ರಾಯದವರಿಗೆ ಮಿನಿಟಿಗೆ 12ರಿಂದ 20 ಉಸಿರು ಸಹಜವೆಂದು ಇಂದಿನ ವೈದ್ಯರು ಹೇಳುವುದರೊಡನೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ಈ ಸಂಖ್ಯೆಯು ರೋಗಿಗಳ ಎದೆಯನ್ನು ನೋಡಿ ಎಣಿಸಿದುದರಿಂದ ಬಂದುದೆಂದು ಹಿಗ್ಗುವ ಮೊದಲು ವೃತ್ತವೊಂದಕ್ಕೆ 360 ಅಂಶ, ಅಂಶಕ್ಕೆ 60 ಕಲೆ, ಒಟ್ಟು 21,600 ಕಲೆಗಳೆಂಬುದನ್ನು ನೆನೆಯಬೇಕು. ಒಂದು ಪ್ರಾಣದಲ್ಲಿ ನಕ್ಷತ್ರಮಂಡಲವು ಒಂದು ಕಲೆಯಷ್ಟು ತಿರುಗುವಂತೆ ಜ್ಯೋತಿಷಿಗಳು ಪ್ರಮಾಣವನ್ನು ಗೊತ್ತುಮಾಡಿಕೊಂಡರು. ಅದು ಮನುಷ್ಯನ ಉಸಿರಿಗೆ ಸಮೀಪವಾಗಿದ್ದುದರಿಂದ ಆ ಹೆಸರನ್ನಿಟ್ಟರು. ಆಕಾಶದ ಲೆಕ್ಕವು ಉಸಿರಿಗೆ ಇಳಿಯಿತೇ ಹೊರತು ಉಸಿರಿನ ಲೆಕ್ಕವು ಆಕಾಶಕ್ಕೆ ಏರಲಿಲ್ಲ.

ಪ್ರಾಣಕ್ಕಿಂತ ಸಣ್ಣ ಪ್ರಮಾಣಕ್ಕೆ ಹೋದರೆ ನಮ್ಮ ಛಂದಸ್ಸೇ ಎದುರಾಗುತ್ತದೆ. 499ರಲ್ಲಿ ರಚಿತವಾದ ಆರ್ಯಭಟೀಯದ ಪ್ರಕಾರ 60 ಗುರ್ವಕ್ಷರಗಳನ್ನು ಉಚ್ಚರಿಸುವ ಹೊತ್ತು ಒಂದು ವಿನಾಡಿ. ಎಂದರೆ ಪ್ರಾಣವೊಂದಕ್ಕೆ 10 ಗುರು. ಗುರುವಿಗೆ ಎರಡು ಮಾತ್ರೆಯಾದುದರಿಂದ ಒಂದು ಮಾತ್ರೆಯು ಸೆಕೆಂಡಿನ ಐದನೆಯ ಒಂದು ಪಾಲು. ಈಗ ಲೆಕ್ಕಮಾಡಿ ನೋಡೋಣ. ಮಿನಿಟಿಗೆ 75 ಮಿಡಿತವುಳ್ಳವನ ಒಂದು ಮಿಡಿತಕ್ಕೆ ಹಿಡಿಯುವ ಹೊತ್ತು ಸೆಕೆಂಡಿನ ಹತ್ತರಲ್ಲಿ ಎಂಟು ಪಾಲು, ಎಂದರೆ ಸರಿಯಾಗಿ ನಾಲ್ಕು ಮಾತ್ರೆ. ಆರ್ಯಭಟನ ಲೆಕ್ಕದ ವೇಗದಲ್ಲಿ ಕಂದಪದ್ಯವನ್ನು ಓದಿದರೆ ಅದರ ಒಂದೊಂದು ಗಣಕ್ಕೂ ಒಂದೊಂದು ಮಿಡಿತ. 64 ಮಾತ್ರೆಯ ಇಡೀ ಪದ್ಯಕ್ಕೆ 16 ಮಿಡಿತ. ಒಂದು ಉಸಿರಿಗೆ ಐದು ಮಿಡಿತ. ಈ ಹೊಂದಿಕೆಯು ತರಗತಿಯಲ್ಲಿ ಹೇಳಲು ಸೊಗಸಾಗಿದೆ. ಆದರೆ ಚತುರ್ಮಾತ್ರಾಗಣವು ಎದೆಯ ಬಡಿತದಿಂದ ಹುಟ್ಟಿತೆಂಬ ಸಿದ್ಧಾಂತವನ್ನು ಇದರ ಮೇಲೆ ಕಟ್ಟುವುದು ಬೇಡ. 75ರ ಬದಲು 66 ಮಿಡಿತವುಳ್ಳವನೂ ಆರೋಗ್ಯವಂತನೇ, ಅವನೂ ಕಂದವನ್ನು ಓದಬಲ್ಲನು. ಹಾಗೆಯೇ 75ನ್ನು ಇಡೀ ದಿನಕ್ಕೆ ಗುಣಿಸಿದರೆ 1,08,000 ಆಗುವುದನ್ನು ಕಂಡು ಜಪಮಾಲೆಯನ್ನು ನೆನೆಯುವವರು 70ನ್ನು ಗುಣಿಸಿದರೆ 1,00,800 ಆಗುವುದನ್ನೂ ನೋಡಬೇಕು.

ಇನ್ನು ವೈದ್ಯಗ್ರಂಥಗಳು. ಚರಕ ಸುಶ್ರುತ ಸಂಹಿತೆಗಳಲ್ಲಿ ಇಂದು ನಾವು ತಿಳಿದಿರುವಂಥ ನಾಡೀಪರೀಕ್ಷೆಯ ವಿಸ್ತಾರವಾದ ನಿರೂಪಣೆಯಿಲ್ಲ. ಅದನ್ನು ಸ್ಪಷ್ಟವಾಗಿ ಕಾಣುವುದು ಶಾರ್ಙ್ಗಧರಸಂಹಿತೆಯಲ್ಲಿ. ಅದು 13-14ನೆಯ ಶತಮಾನದ ಸುಮಾರಿನ ಗ್ರಂಥ. ಹೆಬ್ಬೆರಳಿನ ಬುಡದಲ್ಲಿ ಮಿಡಿಯುವ ನಾಡಿಯನ್ನು ಅದು ಜೀವದ ಸಾಕ್ಷಿಯೆಂದು ಎಣಿಸಿ, ಅದರ ನಡಿಗೆಯನ್ನು ಪ್ರಾಣಿಗಳ ನಡಿಗೆಗೆ ಹೋಲಿಸುತ್ತದೆ. ವಾತದಲ್ಲಿ ಹಾವು, ಜಿಗಣೆಗಳಂತೆ. ಪಿತ್ತದಲ್ಲಿ ಗುಬ್ಬಿ, ಕಾಗೆ, ಕಪ್ಪೆಗಳಂತೆ. ಕಫದಲ್ಲಿ ಹಂಸ, ಪಾರಿವಾಳಗಳಂತೆ. ಜ್ವರದಲ್ಲಿ ನಾಡಿಯು ಬಿಸಿಯಾಗಿಯೂ ವೇಗವಾಗಿಯೂ ಇರುವುದೆಂದೂ, ಹಸಿದವನಲ್ಲಿ ಚಪಲವಾಗಿಯೂ ಉಂಡವನಲ್ಲಿ ಸ್ಥಿರವಾಗಿಯೂ ಇರುವುದೆಂದೂ, ನಿಂತುನಿಂತು ನಡೆಯುವ ನಾಡಿಯು ಪ್ರಾಣಾಪಾಯದ ಸೂಚನೆಯೆಂದೂ ಅಲ್ಲಿ ಹೇಳಿದೆ. ವೇಗವನ್ನು ಗ್ರಂಥಕಾರನು ಬಲ್ಲನು, ಎಣಿಕೆಯನ್ನು ಹೇಳುವುದಿಲ್ಲ. ಕೊಟ್ಟೂರು ಬಸವರಾಜನ ‘ಬಸವರಾಜೀಯ’ವು ಸಂಸ್ಕೃತ ಶ್ಲೋಕಗಳಿಗೆ ತೆಲುಗು ವಿವರಣೆಯನ್ನು ಕೂಡಿಸಿದ ಗ್ರಂಥ. ಅದು ರೋಗಗಳಿಗೆ ಕೈಹಾಕುವ ಮೊದಲು ನಾಡೀಪರೀಕ್ಷೆಯಿಂದಲೇ ಆರಂಭಿಸುತ್ತದೆ. ಕೊಟ್ಟೂರೆಂಬ ಹೆಸರಿನ ಊರುಗಳು ಕನ್ನಡನಾಡಿನಲ್ಲಿಯೂ ಆಂಧ್ರದಲ್ಲಿಯೂ ಉಂಟು. ಹೆಸರಿನ ಸಾಮ್ಯ ಒಂದರಿಂದಲೇ ಆ ವೈದ್ಯನನ್ನು ನಮ್ಮ ಸೀಮೆಯವನೆಂದು ಸಾಧಿಸುವ ಆತುರ ಸಲ್ಲದು.

ಕನ್ನಡದಲ್ಲಿ ವೈದ್ಯಸಾಹಿತ್ಯಕ್ಕೆ ಕೊರತೆಯಿಲ್ಲ. 12ನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, 14ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ, ಶ್ರೀಧರದೇವನ ವೈದ್ಯಾಮೃತ ಇವು ಕವಿಚರಿತೆಯನ್ನು ನೋಡಿದವರಿಗೆಲ್ಲ ಪರಿಚಿತ. ಹಿರೇಹಡಗಲಿಯ ದೇವಾಲಯವು ಎದ್ದ ಕಾಲದ ಸೋಮೇಶ್ವರನ ಮಗನಾದ ಕೀರ್ತಿವರ್ಮನು ಬರೆದುದು ಗೋವೈದ್ಯವನ್ನು. ಬಾಯಿಲ್ಲದ ರೋಗಿಯ ಕಷ್ಟವನ್ನು ಕಣ್ಣು, ಕೈ, ಕಿವಿಗಳಿಂದಲೇ ತಿಳಿಯಬೇಕಾದ ವೈದ್ಯವದು. ರಾಜಕುಮಾರನೊಬ್ಬನು ಅದಕ್ಕೆ ಮನಸ್ಸು ಕೊಟ್ಟುದು ಆಶ್ಚರ್ಯವೂ ಹೌದು, ಮೆಚ್ಚತಕ್ಕುದೂ ಹೌದು. ಆಡುಮಾತಿನಲ್ಲಿ ಮಣಿಕಟ್ಟಿನ ಮಿಡಿತಕ್ಕೆ ‘ಧಾತು’ ಎಂಬ ಹೆಸರೂ ಉಂಟು. ವೈಯಾಕರಣನಿಗೆ ಧಾತುವೆಂದರೆ ಕ್ರಿಯಾಪದದ ಮೂಲ. ಹಳ್ಳಿಯ ವೈದ್ಯನಿಗೆ ಬದುಕೆಂಬ ಕ್ರಿಯೆಯ ಮೂಲ. ‘ಕೈ ನೋಡುವುದು’ ಎಂಬ ಮಾತಿನಲ್ಲಿಯೂ ಕನ್ನಡದ ಸ್ವಭಾವವೊಂದು ತೋರುತ್ತದೆ: ನಾವು ರುಚಿಯನ್ನು ನೋಡುತ್ತೇವೆ, ಮುಟ್ಟಿ ನೋಡುತ್ತೇವೆ, ಕೇಳಿಯೂ ನೋಡುತ್ತೇವೆ. ‘ನೋಡು’ ಎಂಬುದು ಇಲ್ಲಿ ಕಣ್ಣಿನ ಕೆಲಸವಲ್ಲ, ಪರೀಕ್ಷೆಯ ಹೆಸರು.

ಹಾವು, ಕಪ್ಪೆ, ಹಂಸಗಳ ಹೋಲಿಕೆಯನ್ನು ಕಂಡು ನಗುವುದು ಸುಲಭ. ನಾಡಿಯ ತುಂಬು, ಬಿಗಿ, ಲಯ, ಏರಿಳಿತದ ಆಕಾರ ಇವನ್ನೆಲ್ಲ ಇಂದಿನ ವೈದ್ಯವಿದ್ಯಾರ್ಥಿಗೂ ಕಲಿಸುತ್ತಾರೆ. ಮಹಾಧಮನಿಯ ಕವಾಟವು ಸೋರುವಾಗ ನಾಡಿಯು ಚಿಮ್ಮಿ ಕುಸಿಯುವುದನ್ನು ಬೆರಳೇ ಮೊದಲು ಹೇಳುತ್ತದೆ. ಉಪಮೆಯ ದೋಷವೆಂದರೆ ಅದನ್ನು ಒಬ್ಬನಿಂದ ಇನ್ನೊಬ್ಬನಿಗೆ ಒಪ್ಪಿಸುವಂತಿಲ್ಲ. ಗುರುವಿನ ಬೆರಳಿಗೆ ಹಂಸವಾದುದು ಶಿಷ್ಯನ ಬೆರಳಿಗೆ ಪಾರಿವಾಳವಾದರೆ ತೀರ್ಪುಕೊಡುವವರು ಯಾರು? ನಿನ್ನೆಯ ನಾಡಿಗೂ ಇಂದಿನ ನಾಡಿಗೂ ಇರುವ ವ್ಯತ್ಯಾಸವನ್ನು ಬರೆದಿಡುವುದು ಹೇಗೆ? ಸಂಖ್ಯೆಗೆ ಉಪಮೆಯ ಚೆಲುವಿಲ್ಲ; ಆದರೆ ಅದನ್ನು ಕಾಗದದ ಮೇಲೆ ಇಡಬಹುದು, ನಾಳೆ ಇನ್ನೊಬ್ಬ ವೈದ್ಯನು ಬಂದು ಅದನ್ನು ಪರೀಕ್ಷಿಸಬಹುದು.

ನೀರಿನ ಗಡಿಯಾರವನ್ನು ರೋಗಿಯ ಮಗ್ಗುಲಿಗೆ ತಂದವನೆಂದು ಪುರಾತನರು ಹೇಳುವುದು ಅಲೆಕ್ಸಾಂಡ್ರಿಯದ ಹಿರೋಫಿಲಸನನ್ನು. ಅವನ ಕಾಲ ಕ್ರಿಸ್ತಪೂರ್ವ 3ನೆಯ ಶತಮಾನ. ರೋಗಿಯ ವಯಸ್ಸಿಗೆ ತಕ್ಕಂತೆ ನೀರಿನ ಅಳತೆಯನ್ನು ಬದಲಿಸಿ, ಆ ಹೊತ್ತಿನಲ್ಲಿ ಮಿಡಿತಗಳು ಸಹಜಕ್ಕಿಂತ ಹೆಚ್ಚಾದರೆ ಜ್ವರವೆಂದು ಅವನು ತೀರ್ಮಾನಿಸುತ್ತಿದ್ದನಂತೆ. ನಮ್ಮ ಅಧ್ಯಾಪಕರಿಗೆ ಇದಕ್ಕಿಂತಲೂ ಸ್ವಾರಸ್ಯವಾಗಿ ತೋರಬಹುದಾದ ಸಂಗತಿಯೊಂದುಂಟು. ನಾಡಿಯು ಹಿಗ್ಗುವ ಕುಗ್ಗುವ ಹೊತ್ತುಗಳನ್ನು ಅವನು ಗ್ರೀಕ್ ಛಂದಸ್ಸಿನ ಗಣಗಳಿಂದ ವರ್ಣಿಸಿದನು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಹಸುಳೆಯ ನಾಡಿಯು ಎರಡು ಲಘು, ಬೆಳೆಯುವ ಮಗುವಿನದು ಗುರು-ಲಘು, ಪ್ರಾಯದವನದು ಎರಡು ಗುರು, ಮುದುಕನದು ಲಘು-ಗುರು. ಅವನ ಗಣಗಳು ಉಳಿಯಲಿಲ್ಲ, ಅವನ ನೀರಿನ ಗಡಿಯಾರವೂ ಬಹುಕಾಲ ಮರೆತುಹೋಯಿತು. ಯೂರೋಪಿನವರೂ ಮತ್ತೆ ಶತಮಾನಗಳವರೆಗೆ ನಾಡಿಯನ್ನು ಎಣಿಸದೆ ಗುಣವಾಚಕಗಳಿಂದಲೇ ವರ್ಣಿಸಿದರು. ಇರುವೆಯಂತೆ ಹರಿಯುವ ನಾಡಿ, ಜಿಂಕೆಯಂತೆ ನೆಗೆಯುವ ನಾಡಿ ಎಂಬ ಹೋಲಿಕೆಗಳು ಗಾಲೆನನ ಪರಂಪರೆಯಲ್ಲಿಯೂ ಉಂಟು. ಹಾವು ಹಂಸಗಳನ್ನು ಕಂಡವರು ನಾವೊಬ್ಬರೇ ಅಲ್ಲ.

17ನೆಯ ಶತಮಾನದ ಆರಂಭದಲ್ಲಿ ಪಾದುವದ ಸಾಂಟೋರಿಯೋ ಎಂಬ ವೈದ್ಯನು ತೂಗುಗುಂಡಿನ ದಾರವನ್ನು ಉದ್ದ ಗಿಡ್ಡ ಮಾಡಿ ಅದರ ತೂಗಾಟವನ್ನು ನಾಡಿಗೆ ಸರಿಹೊಂದಿಸಿ, ದಾರದ ಉದ್ದವನ್ನೇ ನಾಡಿಯ ಅಳತೆಯಾಗಿ ಬರೆದಿಟ್ಟನು. ಗೆಲಿಲಿಯೋ ತನ್ನ ನಾಡಿಯಿಂದ ದೀಪದ ತೂಗಾಟವನ್ನು ಅಳೆದನೆಂಬ ಪ್ರಸಿದ್ಧ ಕಥೆಯು ನಿಜವಾದರೆ, ಇಲ್ಲಿ ಅಳೆಯುವುದೂ ಅಳೆಸಿಕೊಳ್ಳುವುದೂ ತಮ್ಮ ಸ್ಥಾನಗಳನ್ನು ಬದಲಿಸಿಕೊಂಡಂತಾಯಿತು. 1707ರಲ್ಲಿ ಇಂಗ್ಲೆಂಡಿನ ಸರ್ ಜಾನ್ ಫ್ಲಾಯರನು ಸರಿಯಾಗಿ ಒಂದು ಮಿನಿಟು ನಡೆದು ನಿಲ್ಲುವ ಗಡಿಯಾರವನ್ನು ಮಾಡಿಸಿ ನಾಡಿಯ ಮೇಲೆ ಗ್ರಂಥವನ್ನೇ ಬರೆದನು. ಮಿನಿಟಿಗೆ ಇಷ್ಟೆಂದು ಹೇಳುವ ಇಂದಿನ ಪದ್ಧತಿಗೆ ಹಾದಿಯಾದುದು ಅದು.

ಈಗ ಎಣಿಕೆಯ ಕ್ರಮವನ್ನು ಹೇಳಬೇಕು. ಇದರಲ್ಲಿ ತಪ್ಪುಗಳು ಸಾಮಾನ್ಯ. ವಿಶ್ರಾಂತಿಯ ನಾಡಿಯೆಂದರೆ ದೇಹವೂ ಮನಸ್ಸೂ ಸುಮ್ಮನಿರುವಾಗಿನ ನಾಡಿ. ಬಿಸಿಲಿನಲ್ಲಿ ನಡೆದು ಬಂದವನನ್ನು, ಕಾಫಿ ಕುಡಿದವನನ್ನು, ಬೀಡಿ ಸೇದಿದವನನ್ನು ಒಡನೆಯೇ ಎಣಿಸಿದರೆ ದೊರೆಯುವ ಸಂಖ್ಯೆಯು ಬಿಸಿಲಿನದು, ಕಾಫಿಯದು, ಬೀಡಿಯದು. ಐದು ಮಿನಿಟಾದರೂ ಕುಳ್ಳಿರಿಸಿ, ಮಾತಿಗೆಳೆಯದೆ, ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆಯ ಎಲುಬಿನ ಮೇಲೆ ಎರಡು ಮೂರು ಬೆರಳುಗಳನ್ನು ಮೆಲ್ಲಗೆ ಇಡಬೇಕು. ಎಣಿಸುವವನು ತನ್ನ ಹೆಬ್ಬೆರಳನ್ನು ಬಳಸಬಾರದು. ಅದರಲ್ಲಿಯೇ ಬಲವಾದ ಮಿಡಿತವಿರುವುದರಿಂದ ರೋಗಿಯ ಹೆಸರಿನಲ್ಲಿ ತನ್ನನ್ನೇ ಎಣಿಸಿಕೊಂಡಾನು. ಲಯವು ಸಮವಾಗಿದ್ದರೆ ಅರ್ಧ ಮಿನಿಟು ಎಣಿಸಿ ಇಮ್ಮಡಿಸಬಹುದು. ಸಮವಾಗಿಲ್ಲದಿದ್ದರೆ ಪೂರ್ಣ ಮಿನಿಟನ್ನೇ ಎಣಿಸಬೇಕು. ಪ್ರಾಯದವರಿಗೆ 60ರಿಂದ 100ರ ವರೆಗೆ ಸಹಜವೆಂದು ಎಣಿಕೆ. ಹಸುಳೆಗಳಿಗೆ ನೂರಕ್ಕೆ ಮೇಲ್ಪಟ್ಟಿರುವುದೇ ಸಹಜ. ಬಹುಕಾಲ ಓಟದ ಅಭ್ಯಾಸವುಳ್ಳವರಿಗೆ 50ಕ್ಕಿಂತ ಕಡಿಮೆಯಿದ್ದರೂ ಅದು ರೋಗವಲ್ಲ; ಅವರ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕುತ್ತದೆ. ಜ್ವರದ ಕಾವು ಸೆಂಟಿಗ್ರೇಡಿನ ಒಂದು ಅಂಶ ಏರಿದರೆ ಮಿಡಿತವು ಸುಮಾರು ಹತ್ತರಷ್ಟು ಏರುವುದು ಸಾಮಾನ್ಯ. ಟೈಫಾಯಿಡಿನಲ್ಲಿ ಕಾವು ಏರಿದಷ್ಟು ನಾಡಿಯು ಏರದಿರುವುದುಂಟು. ಆ ವಿಷಮತೆಯೇ ಅನುಭವಸ್ಥ ವೈದ್ಯನಿಗೆ ಸುಳಿವಾಗುತ್ತಿತ್ತು. ಎಣಿಕೆಯಿಲ್ಲದೆ ಈ ಸುಳಿವನ್ನು ಹಿಡಿಯುವುದು ಕಷ್ಟ.

ಬೆರಳಿನ ಮಾತು ಇಷ್ಟಾಯಿತು. ಕಿವಿಯ ವಿಷಯದಲ್ಲಿಯೂ ಕೊಳವೆಯೇ ಮುಖ್ಯಪಾತ್ರ. 1816ರಲ್ಲಿ ಪ್ಯಾರಿಸಿನ ನೆಕ್ಕರ್ ಆಸ್ಪತ್ರೆಯ ವೈದ್ಯ ಲೆನೆಕ್ಕನು ತರುಣಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು ಕಾಗದವನ್ನು ಸುರುಳಿ ಸುತ್ತಿ ಅದರ ಒಂದು ತುದಿಯನ್ನು ಎದೆಗೂ ಇನ್ನೊಂದನ್ನು ಕಿವಿಗೂ ಇಟ್ಟನು. ನೇರವಾಗಿ ಕಿವಿಯಿಟ್ಟಾಗ ಕೇಳುವುದಕ್ಕಿಂತ ಸದ್ದು ಸ್ಪಷ್ಟವಾಗಿತ್ತು. ಅದರಿಂದ ಮರದ ಕೊಳವೆಯು ಹುಟ್ಟಿತು. 1819ರಲ್ಲಿ ಅವನ ಗ್ರಂಥವು ಹೊರಟಿತು. ಎರಡು ಕಿವಿಗೂ ಹೊಂದುವ ಇಂದಿನ ಸ್ಟೆತಾಸ್ಕೋಪಿನ ರೂಪವು ಬಂದುದು 1850ರ ತರುವಾಯ. ಆ ಹೆಸರಿನ ಅರ್ಥ ‘ಎದೆಯನ್ನು ನೋಡುವ ಸಾಧನ’. ಗ್ರೀಕ್ ಶಬ್ದಗಳಿಂದ ಹೆಸರು ಕಟ್ಟಿದವರೂ ಕೇಳುವುದನ್ನು ‘ನೋಡುವುದು’ ಎಂದೇ ಹೇಳಿದರೆಂಬುದು ಕನ್ನಡಿಗರಿಗೆ ಸಮಾಧಾನದ ವಿಷಯ. ನಾಡಿಯೆಂದರೆ ಕೊಳವೆ, ಕಾಲವನ್ನು ಅಳೆದುದು ಕೊಳವೆ, ಎದೆಯನ್ನು ಕೇಳಿಸಿದುದೂ ಕೊಳವೆ.

ಕೊಳವೆಯಲ್ಲಿ ಕೇಳುವ ಸದ್ದುಗಳು ಎರಡು. ಮೊದಲನೆಯದು ತುಸು ದೀರ್ಘ, ಮಂದ್ರ. ಎರಡನೆಯದು ಮೊಟಕು, ಚುರುಕು. ಮಾಂಸವು ಬಡಿಯುವುದರಿಂದ ಈ ಸದ್ದುಗಳು ಆಗುವುವೆಂದು ಬಹುಜನರ ಭಾವನೆ. ಲೆನೆಕ್ಕನೇ ಎರಡನೆಯ ಸದ್ದನ್ನು ಹೃತ್ಕರ್ಣಗಳ ಸಂಕೋಚವೆಂದು ತಿಳಿದಿದ್ದನು. 1832ರಲ್ಲಿ ರೂಆನೆ ಎಂಬ ಫ್ರೆಂಚ್ ವೈದ್ಯನು ಸದ್ದಿಗೆ ಕವಾಟಗಳೇ ಕಾರಣವೆಂದು ಪ್ರತಿಪಾದಿಸಿದನು. ಹೃತ್ಕುಕ್ಷಿಗಳು ಕುಗ್ಗಿದೊಡನೆ ಅವಕ್ಕೂ ಹೃತ್ಕರ್ಣಗಳಿಗೂ ನಡುವಣ ಕವಾಟಗಳು ಮುಚ್ಚಿಕೊಳ್ಳುವಾಗ ಮೊದಲನೆಯ ಸದ್ದು. ರಕ್ತವು ಹೊರಬಿದ್ದ ಬಳಿಕ ಮಹಾಧಮನಿ, ಪುಪ್ಫುಸಧಮನಿಗಳ ಬಾಯಿಯ ಕವಾಟಗಳು ಮುಚ್ಚಿಕೊಳ್ಳುವಾಗ ಎರಡನೆಯದು. ಮನೆಯ ಮುಂಬಾಗಿಲನ್ನು ಹಾಕಿ ಹಿತ್ತಿಲ ಬಾಗಿಲನ್ನು ಹಾಕಿದಂತೆ. ವಿಶ್ರಾಂತಿಯಲ್ಲಿ ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವಿನ ಮೌನವು ಚಿಕ್ಕದು, ಎರಡನೆಯದರ ತರುವಾಯದ ಮೌನವು ದೊಡ್ಡದು. ಓಡಿ ಬಂದವನಲ್ಲಿ ಈ ಎರಡು ಮೌನಗಳೂ ಸಮವಾಗತೊಡಗಿ ಯಾವುದು ಮೊದಲನೆಯದೆಂದು ತಿಳಿಯುವುದು ಕಷ್ಟವಾಗುತ್ತದೆ. ಆಗ ಕುತ್ತಿಗೆಯ ನಾಡಿಯ ಮೇಲೆ ಬೆರಳಿಡಬೇಕು. ಅದು ಏಳುವಾಗ ಕೇಳುವುದು ಮೊದಲನೆಯ ಸದ್ದು.

ನಮ್ಮ ‘ಡವಡವ’ ಎಂಬ ಅನುಕರಣಶಬ್ದವನ್ನು ಇಲ್ಲಿ ನೆನೆಯಬೇಕು. ಭಯದಿಂದ ಎದೆಯು ಡವಡವ ಹೊಡೆದುಕೊಳ್ಳುವುದೆಂದು ಹೇಳುವಾಗ ನಾವು ಒಂದೇ ಧ್ವನಿಯನ್ನು ಇಮ್ಮಡಿಸುತ್ತೇವೆ. ವೈದ್ಯರ ‘ಲಬ್-ಡಬ್’ ಎಂಬುದರಲ್ಲಿ ಎರಡು ಬೇರೆ ಧ್ವನಿಗಳುಂಟು. ಕನ್ನಡಕಿವಿಯು ಮಂದವೆಂದು ಇದರ ಅರ್ಥವಲ್ಲ. ಡವಡವವೆಂಬುದು ಹೆದರಿದ ಎದೆಯನ್ನು ಒಳಗಿನಿಂದ ಅನುಭವಿಸಿದವನ ಮಾತು. ಹೆದರಿದ ಎದೆಯಲ್ಲಿ ಎರಡು ಮೌನಗಳು ಸಮವಾಗುವುದನ್ನು ಈಗತಾನೆ ಹೇಳಿದೆವು. ಲಬ್-ಡಬ್ ಎಂಬುದು ಶಾಂತವಾದ ಎದೆಯನ್ನು ಹೊರಗಿನಿಂದ ಕೊಳವೆಯಿಟ್ಟು ಕೇಳಿದವನ ಮಾತು.

ಕೇಳಲು ಬೇಕಾದುದು ನಿಶ್ಶಬ್ದ. ಹಡಗಲಿ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುವುದೂ, ಆ ಮೌನದಲ್ಲಿ ಕಾರಣಿಕದ ಒಂದೇ ನುಡಿಯು ಕೇಳಿಬರುವುದೂ ಪ್ರಸಿದ್ಧ. ಜನ ಕಿಕ್ಕಿರಿದ ಹೊರರೋಗಿಗಳ ವಿಭಾಗದಲ್ಲಿ, ಅಂಗಿಯ ಮೇಲೆಯೇ ಸ್ಟೆತಾಸ್ಕೋಪನ್ನಿಟ್ಟು ನಾಲ್ಕು ಸೆಕೆಂಡಿನಲ್ಲಿ ತೆಗೆದುಬಿಡುವ ಪರೀಕ್ಷೆಯಲ್ಲಿ ಎದೆಯ ನುಡಿಯು ಕೇಳಿಸುವುದು ಅಪರೂಪ. ಅದು ಕೇಳಿಸದೆ ಹೋದರೆ ಆಗುವ ನಷ್ಟವು ಸಣ್ಣದಲ್ಲ. ಮಕ್ಕಳಿಗೆ ಒಂದು ಬಗೆಯ ಗಂಟಲು ನೋವು ಬಂದು, ಅದರ ಹಿಂದೆಯೇ ಕೀಲುಗಳನ್ನು ಹಿಡಿಯುವ ಜ್ವರವು ಬಂದು, ಅದು ಹೃದಯದ ಕವಾಟಗಳನ್ನು ಕೆಡಿಸುವುದುಂಟು. ರುಮ್ಯಾಟಿಕ್ ಜ್ವರವೆಂದು ಅದರ ಹೆಸರು. ಕೆಟ್ಟ ಕವಾಟದ ಮೂಲಕ ರಕ್ತವು ಸುಳಿಸುತ್ತಿ ಹರಿಯುವಾಗ ಎರಡು ಸದ್ದುಗಳ ನಡುವಿನ ಮೌನದಲ್ಲಿ ಮೂರನೆಯದೊಂದು ಸುಯ್ಲು ಕೇಳುತ್ತದೆ. ಅದಕ್ಕೆ ‘ಮರ್ಮರ’ವೆಂದು ಹೆಸರು. ಅಮರಕೋಶದಲ್ಲಿ ಈ ಶಬ್ದವು ಬಟ್ಟೆಯ, ಎಲೆಗಳ ಸದ್ದಿಗೆ ಸಲ್ಲುತ್ತದೆ. ಇಂಗ್ಲಿಷಿನ ‘ಮರ್ಮರ್’ ಶಬ್ದವೂ ಇದರಂತೆಯೇ ಧ್ವನಿಯ ಅನುಕರಣ. ಇಷ್ಟು ಸಲೀಸಾಗಿ ಕೈಗೆ ಬಂದ ಪಾರಿಭಾಷಿಕ ಶಬ್ದವು ಬೇರೊಂದಿಲ್ಲವೆಂದು ತೋರುತ್ತದೆ. ಎಲ್ಲ ಮರ್ಮರವೂ ರೋಗವಲ್ಲ. ಆರೋಗ್ಯವಾದ ಮಕ್ಕಳಲ್ಲಿಯೂ ನಿರಪಾಯವಾದ ಮರ್ಮರವು ಕೇಳುವುದುಂಟು. ಆದರೆ ರೋಗದ ಮರ್ಮರವನ್ನು ಕಾಲದಲ್ಲಿ ಗುರುತಿಸಿ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿಯನ್ನು ವರ್ಷಗಟ್ಟಲೆ ಹಾಕಿಸುತ್ತ ಬಂದರೆ ಜ್ವರವು ಮರುಕೊಳಿಸಿ ಕವಾಟವು ಇನ್ನಷ್ಟು ಕೆಡುವುದನ್ನು ತಡೆಯಬಹುದು.

ಬೆರಳಿನ ಸಾಕ್ಷ್ಯ, ಕಿವಿಯ ಸಾಕ್ಷ್ಯಗಳನ್ನು ಹೇಗೆ ತೂಗಬೇಕೆಂಬುದಕ್ಕೆ ಕನ್ನಡನಾಡಿಗೆ ಸಂಬಂಧಪಟ್ಟ ಒಂದು ಪ್ರಸಂಗವುಂಟು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ಯೋಗಶಾಲೆಯನ್ನು ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರ ಹೆಸರು ಇಂದು ಲೋಕಪ್ರಸಿದ್ಧ. ಅವರು 1934ರಲ್ಲಿ ಬರೆದ ‘ಯೋಗಮಕರಂದ’ವು ಕನ್ನಡ ಗ್ರಂಥವೆಂಬುದನ್ನು ಮಾತ್ರ ನಾವೇ ಮರೆಯುತ್ತಿದ್ದೇವೆ. ನಾಡಿಯನ್ನು ನಿಲ್ಲಿಸಿ ತೋರಿಸುವುದು ಅವರ ಪ್ರದರ್ಶನಗಳಲ್ಲಿ ಒಂದಾಗಿತ್ತು. 1935ರಲ್ಲಿ ಫ್ರಾನ್ಸಿನ ಹೃದಯತಜ್ಞೆ ಥೆರೇಸ್ ಬ್ರಾಸ್ ಅವರು ಹೃದಯದ ವಿದ್ಯುತ್ತನ್ನು ಬರೆಯುವ ಯಂತ್ರವನ್ನು ಹೊತ್ತು ಭಾರತಕ್ಕೆ ಬಂದು ಯೋಗಿಗಳನ್ನು ಪರೀಕ್ಷಿಸಿದರು. ಪರೀಕ್ಷೆಗೆ ಒಳಗಾದವರಲ್ಲಿ ಕೃಷ್ಣಮಾಚಾರ್ಯರೂ ಒಬ್ಬರು. ವಿದ್ಯುತ್ತಿನ ಅಲೆಯೂ ನಾಡಿಯ ಅಲೆಯೂ ಕೆಲವು ಸೆಕೆಂಡುಗಳ ಕಾಲ ಸೊನ್ನೆಯ ಸಮೀಪಕ್ಕೆ ಇಳಿದ ರೇಖೆಯೊಂದನ್ನು ಬ್ರಾಸ್ ಪ್ರಕಟಿಸಿದರು. ಯೋಗಿಯು ಹೃದಯವನ್ನು ನಿಲ್ಲಿಸಬಲ್ಲನೆಂಬ ಮಾತು ಹಬ್ಬಿತು.

1957ರಲ್ಲಿ ಅಮೆರಿಕೆಯ ವೆಂಗರ್, ಬಾಗ್ಚಿ ಎಂಬ ವಿದ್ವಾಂಸರು ದೆಹಲಿಯ ಆನಂದ್ ಅವರೊಡನೆ ಇದನ್ನು ಮತ್ತೆ ಪರೀಕ್ಷಿಸಿದರು. ಅವರ ಲೇಖನವು 1961ರಲ್ಲಿ ಹೊರಬಂದಿತು. ಆ ಹೊತ್ತಿಗೆ ಮದರಾಸಿನಲ್ಲಿ ನೆಲಸಿದ್ದ ಕೃಷ್ಣಮಾಚಾರ್ಯರು ಈ ಪರೀಕ್ಷೆಗೂ ಒಪ್ಪಿದರು. ಫಲಿತಾಂಶವು ಹೀಗೆ: ಉಸಿರನ್ನು ಬಿಗಿಹಿಡಿದು, ಗಂಟಲನ್ನು ಮುಚ್ಚಿ, ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಲವಾಗಿ ಒತ್ತಿದಾಗ ಹೃದಯಕ್ಕೆ ಮರಳುವ ರಕ್ತವು ಕಡಿಮೆಯಾಗುತ್ತದೆ. ನೂಕಲು ರಕ್ತವಿಲ್ಲದುದರಿಂದ ಮಣಿಕಟ್ಟಿನ ಮಿಡಿತವು ಬೆರಳಿಗೆ ಸಿಗುವುದಿಲ್ಲ. ಎದೆಯ ಸದ್ದು ಕೊಳವೆಗೆ ಕೇಳುವುದಿಲ್ಲ. ವಿದ್ಯುತ್ತಿನ ರೇಖೆಯಲ್ಲಿ ಮಾತ್ರ ಹೃದಯವು ಕುಗ್ಗುತ್ತಲೇ ಇರುವುದು ಕಾಣುತ್ತದೆ. ದೇಹದ ಮೇಲೆ ಒಂದೇ ಕಡೆಯಿಂದ ತೆಗೆದ ರೇಖೆಯಲ್ಲಿ ಅಲೆಯು ಕುಗ್ಗಿದುದಕ್ಕೆ ಎದೆಗೂಡಿನಲ್ಲಿ ಹೃದಯವು ತುಸು ಹೊರಳಿದುದೂ ಕಾರಣವಾಗಬಹುದು. ಇದರಿಂದ ಆಚಾರ್ಯರ ಗೌರವಕ್ಕೆ ಕುಂದಿಲ್ಲ. ನಾಡಿಯನ್ನು ಅವರು ನಿಜವಾಗಿಯೂ ನಿಲ್ಲಿಸಿದರು, ಎದೆಯ ಸದ್ದನ್ನೂ ಅಡಗಿಸಿದರು. ನಿಲ್ಲದೆ ಹೋದುದು ಹೃದಯ. ‘ನಾಡಿ ನಿಂತಿತು’ ಎಂಬ ಸತ್ಯವಾಕ್ಯವನ್ನು ‘ಹೃದಯ ನಿಂತಿತು’ ಎಂದು ಅನುವಾದಿಸಿದವರು ತಪ್ಪಿದರು.

ಇದಕ್ಕೆ ಇದಿರಾದ ಸ್ಥಿತಿಯು ಯೋಗಶಾಲೆಯಲ್ಲಿ ಅಲ್ಲ, ಆಸ್ಪತ್ರೆಗಳಲ್ಲಿ ಪ್ರತಿದಿನವೂ ಕಾಣುತ್ತದೆ. ಹೃತ್ಕರ್ಣಗಳು ಕ್ರಮವಾಗಿ ಕುಗ್ಗದೆ ಅದುರುತ್ತಿರುವ ರೋಗವೊಂದುಂಟು. ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾದವರಲ್ಲಿ ಇದು ಹೆಚ್ಚು. ಆಗ ಹೃತ್ಕುಕ್ಷಿಗಳು ಹೊತ್ತುಗೊತ್ತಿಲ್ಲದೆ ಬಡಿಯುತ್ತವೆ. ಕೆಲವು ಬಡಿತಗಳು ರಕ್ತವು ತುಂಬುವ ಮೊದಲೇ ಆಗುವುದರಿಂದ ಸದ್ದು ಕೇಳಿದರೂ ಅಲೆಯು ಮಣಿಕಟ್ಟಿನ ವರೆಗೆ ಬರುವುದಿಲ್ಲ. ಉದಾಹರಣೆಗೆ, ಎಡ ಮೊಲೆತೊಟ್ಟಿನ ಕೆಳಗೆ ಕೊಳವೆಯಿಟ್ಟು ಎಣಿಸಿದವನಿಗೆ ಮಿನಿಟಿಗೆ 120 ದೊರೆತರೆ, ಅದೇ ಮಿನಿಟಿನಲ್ಲಿ ಕೈಹಿಡಿದು ಎಣಿಸಿದವನಿಗೆ 90 ದೊರೆಯಬಹುದು. ನಡುವಣ 30 ಎಣಿಕೆಯ ತಪ್ಪಲ್ಲ. ಅದೇ ರೋಗದ ಅಳತೆ. ದಾದಿಯು ಕೈಯನ್ನು ಎಣಿಸಿ ‘ಹೃದಯದ ಬಡಿತ 90’ ಎಂದು ಬರೆದರೆ ಆ ಅಳತೆಯು ಅಳಿಸಿಹೋಯಿತು, ರೋಗಿಯು ಕಾಗದದ ಮೇಲೆ ಸ್ವಸ್ಥನಾದನು. ಬೆರಳ ತುದಿಗೆ ಚಿವುಟಿ ಹಿಡಿಯುವ ಈಚಿನ ಚಿಕ್ಕ ಯಂತ್ರಗಳೂ ಎಣಿಸುವುದು ಮಿಡಿತವನ್ನೇ.

ಆದುದರಿಂದ ಎರಡು ಶಬ್ದಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದು ಮೇಲು. ಕನ್ನಡದಲ್ಲಿ ಅದಕ್ಕೆ ಹೊಸದೇನನ್ನೂ ಕಟ್ಟಬೇಕಾಗಿಲ್ಲ. ‘ಬಡಿ’ ಎಂದರೆ ಹೊಡೆ. ಅದರಲ್ಲಿ ಸದ್ದು ಸೇರಿಯೇ ಇದೆ: ಬಾಗಿಲು ಬಡಿಯುವುದು, ಡೊಳ್ಳು ಬಡಿಯುವುದು. ‘ಮಿಡಿ’ ಎಂದರೆ ಬೆರಳ ತುದಿಯಿಂದ ತಂತಿಯನ್ನು ಮೀಟು. ಅದರಲ್ಲಿ ಬೆರಳೂ ಸ್ಪರ್ಶವೂ ಸೇರಿದೆ. ಎದೆಗೆ ಬಡಿತ, ನಾಡಿಗೆ ಮಿಡಿತ ಎಂಬುದು ಜನರ ಬಾಯಲ್ಲಿ ಆಗಲೇ ಅರ್ಧಮಟ್ಟಿಗೆ ನೆಲೆಸಿರುವ ಭೇದ. ಪಾಠಪುಸ್ತಕಗಳು ಅದನ್ನು ಕಲಸದೆ ಬಿಟ್ಟರೆ ಸಾಕು. ‘ನಾಡಿಗತಿ’ ಎಂಬ ಶಬ್ದದ ವಿಷಯದಲ್ಲಿಯೂ ಎಚ್ಚರ ಬೇಕು. ಶಾರ್ಙ್ಗಧರನಲ್ಲಿ ಗತಿಯೆಂದರೆ ಹಾವಿನದೋ ಹಂಸದ್ದೋ ನಡಿಗೆ. ಇಂದಿನ ಆರೋಗ್ಯಪಾಠದಲ್ಲಿ ಮಿನಿಟಿಗೆ ಇಷ್ಟೆಂಬ ಎಣಿಕೆ. ಹಳೆಯ ವೈದ್ಯಗ್ರಂಥಗಳನ್ನು ಸಂಪಾದಿಸಿ ಟಿಪ್ಪಣಿ ಬರೆಯುವವರು ಎರಡನೆಯ ಅರ್ಥವನ್ನು ಮೊದಲನೆಯದರ ಮೇಲೆ ಹೇರಿ, ನಮ್ಮ ಪೂರ್ವಿಕರು ಮಿನಿಟಿನ ಲೆಕ್ಕವನ್ನು ಬಲ್ಲವರಾಗಿದ್ದರೆಂದು ಬರೆಯಬಾರದು. ಆರೋಗ್ಯಪಾಠವನ್ನು ಬರೆಯುವವರು ಮಣಿಕಟ್ಟಿನಲ್ಲಿ ಎಣಿಸಿದುದಕ್ಕೆ ‘ಮಿನಿಟಿಗೆ ಇಷ್ಟು ಮಿಡಿತ’ ಎಂದೂ, ಎದೆಯಲ್ಲಿ ಕೇಳಿ ಎಣಿಸಿದುದಕ್ಕೆ ‘ಮಿನಿಟಿಗೆ ಇಷ್ಟು ಬಡಿತ’ ಎಂದೂ ಬಿಡಿಸಿ ಬರೆದರೆ ಓದುವ ಹುಡುಗನಿಗೂ ಸಂದೇಹಕ್ಕೆ ಎಡೆಯಿರುವುದಿಲ್ಲ.